ನಗೆಗಾಗಿ ಕಟ್ಟಿದ ಭಾಷೆ

"ಪ... ಪ್ರ... ಪ್ರ..."

ಮಾತು ಗಂಟಲಲ್ಲೇ ಕಚ್ಚಿಕೊಂಡಿತು. ಉದ್ದ ಮೇಜಿನ ಸುತ್ತ ಕೂತವರೆಲ್ಲ ತಮ್ಮ ಕಾಫಿ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದರು. ಅವಳಿಗೆ ಇದು ಹೊಸದಲ್ಲ. ಮಾತು ಸಿಕ್ಕಿಕೊಂಡಾಗಲೆಲ್ಲ ಅವಳ ಕಣ್ಣು ಸೂರಿನತ್ತ ಹೋಗುತ್ತಿತ್ತು, ರೆಪ್ಪೆಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಎದುರಿಗಿದ್ದವರು ಮುಖ ತಿರುಗಿಸುತ್ತಿದ್ದರು.

"ಪ್ರಯಾಣಿಕರು," ಎಂದು ಮೇಜಿನ ಆ ತುದಿಯಿಂದ ಒಬ್ಬ ಮುಗಿಸಿಕೊಟ್ಟ.

ಎಲ್ಲರೂ ಉಸಿರು ಬಿಟ್ಟರು. ಅವಳ ಕೆನ್ನೆ ಮಾತ್ರ ಕೆಂಡವಾಯಿತು.

"ಪ್ರಯಾಣಿಕರಲ್ಲ," ಎಂದಳು ಅವಳು, ಒಂದೊಂದೇ ಅಕ್ಷರ ಒತ್ತುತ್ತ. "ಪ್ರ... ಪ್ರೋಗ್ರಾಂ. ನೀವು ಬರೆದಿರೋ ಪ್ರೋಗ್ರಾಂ. ತಪ್ಪಿರೋದು ಅದರಲ್ಲಿ. ನನ್ನ ಮಾತು ನಾನೇ ಮುಗಿಸ್ಕೋತೀನಿ."

ಅವನ ಕಿವಿ ತುದಿಯವರೆಗೆ ಕೆಂಪಾಯಿತು.

ಅದು ಬಸ್ ನಿಲ್ದಾಣಗಳ ಟಿಕೆಟ್ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಕಚೇರಿ. ಅವಳು ಅಲ್ಲಿಗೆ ಹೊಸದಾಗಿ ಸೇರಿದ ಪರೀಕ್ಷಕಿ. ಬೇರೆಯವರು ಬರೆದುದರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಅವಳು ಒಪ್ಪಿ ಸಹಿ ಹಾಕದೆ ಯಾವುದೂ ಊರಿನ ಯಂತ್ರಗಳಿಗೆ ಹೋಗುವಂತಿರಲಿಲ್ಲ. ಅವನು ಬರೆಯುವವರಲ್ಲಿ ಒಬ್ಬ. ಕಚೇರಿಯವರೆಲ್ಲ ಅವನನ್ನು 'ಬ್ರಹ್ಮ' ಎಂದು ಕರೆಯುತ್ತಿದ್ದರು. ಕಾರಣ, ಅವನ ವಿಚಿತ್ರ ಹವ್ಯಾಸ. ಕಂಪ್ಯೂಟರಿಗೆ ಕೆಲಸ ಹೇಳಲು ಭಾಷೆಗಳಿರುತ್ತವಲ್ಲ, ಅಂಥವನ್ನು ಅವನು ಬರೀ ಕುಚೋದ್ಯಕ್ಕಾಗಿ ಸೃಷ್ಟಿಸುತ್ತಿದ್ದ.

ಅಂದು ಮಧ್ಯಾಹ್ನ ಅವನು ಅವಳ ಮೇಜಿನ ಹತ್ತಿರ ಬಂದು ನಿಂತ.

"ತಪ್ಪು ನಂದೇ. ಪ್ರೋಗ್ರಾಮಲ್ಲೂ, ಬಾಯಲ್ಲೂ. ಇನ್ನೊಂದ್ಸಲ ಹಂಗಾದ್ರೆ ನಾನೇನು ಮಾಡ್ಬೇಕು, ಹೇಳಿ."

ಹುಟ್ಟಿದಾಗಿನಿಂದ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ಒಂದು ಗಳಿಗೆ ಯೋಚಿಸಿದಳು.

"ಏನೂ ಮಾಡ್ಬೇಡಿ. ಸುಮ್ನಿರಿ. ಮುಖ ಮಾತ್ರ ತಿ... ತಿರುಗಿಸ್ಬೇಡಿ."

ಅವನು ತಲೆಯಾಡಿಸಿ ಹೋದ. ಇಂಥ ಮಾತು ಎಷ್ಟು ಜನ ಕೊಟ್ಟಿಲ್ಲ, ಎಷ್ಟು ಜನ ಮರೆತಿಲ್ಲ ಎಂದುಕೊಂಡಳು ಅವಳು. ಆದರೆ ಅವನು ಮರೆಯಲಿಲ್ಲ. ಮುಂದಿನ ವಾರಗಳಲ್ಲಿ ಅವಳು ತಡವರಿಸಿದಾಗಲೆಲ್ಲ ಅವನ ಕಣ್ಣು ಅವಳ ಮುಖದ ಮೇಲೇ ಇರುತ್ತಿತ್ತು. ಅವಸರವಿಲ್ಲ, ಅನುಕಂಪವಿಲ್ಲ. ಮಳೆ ನಿಲ್ಲಲೆಂದು ಅಂಗಡಿ ಸೂರಿನ ಕೆಳಗೆ ನಿಂತವನ ಹಾಗೆ ಆರಾಮಾಗಿ ಕಾಯುತ್ತಿದ್ದ.

ಆ ಕಾಯುವಿಕೆಗೇ ಅವಳು ಸೋತಳು.

ಅವಳಿದ್ದದ್ದು ಅಕ್ಕ ಭಾವನ ಮನೆಯಲ್ಲಿ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನೇ ಅವಳನ್ನು ಸಾಕಿದವಳು. ಅಂಗಡಿಯಲ್ಲಿ, ಶಾಲೆಯಲ್ಲಿ, ಫೋನಿನಲ್ಲಿ, ತಂಗಿ ಬಾಯಿ ತೆರೆದರೆ ಸಾಕು, ಉಳಿದದ್ದನ್ನು ಅಕ್ಕ ಆಡಿಬಿಡುತ್ತಿದ್ದಳು. ಅಕ್ಕನಿಗೆ ಅದು ಪ್ರೀತಿ. ತಂಗಿಗೆ ಬಾಯಿಗೆ ಕಟ್ಟಿದ ಬಟ್ಟೆ. ಎಷ್ಟೋ ಸಲ ಅವಳಿಗೆ ಬೇಕಾದದ್ದೊಂದು, ಅಕ್ಕ ಹೇಳಿ ತರಿಸಿದ್ದೊಂದು. ತಿದ್ದಲು ಹೋದರೆ ಮತ್ತೆ ತಡವರಿಸಬೇಕಲ್ಲ ಎಂದು ಬಂದದ್ದನ್ನೇ ತಿಂದು, ಉಟ್ಟು ಬೆಳೆದವಳು ಅವಳು.

ಬ್ರಹ್ಮನ ಜೊತೆ ಹಾಗಿರಲಿಲ್ಲ. ಊಟದ ಬಿಡುವಿನಲ್ಲಿ ಇಬ್ಬರೂ ಕಚೇರಿಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ ಕೂರುತ್ತಿದ್ದರು. ಅವನು ತನ್ನ ಭಾಷೆಗಳನ್ನು ಒಂದೊಂದಾಗಿ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಿದ್ದ. 'ಅತ್ತೆ' ಎಂಬ ಭಾಷೆಯಲ್ಲಿ ಎಷ್ಟೇ ಸರಿಯಾಗಿ ಬರೆದರೂ ಮೊದಲ ಸಲ ಒಪ್ಪುತ್ತಿರಲಿಲ್ಲ. "ನಿಮ್ಮ ತವರಲ್ಲಿ ಹೀಗೇನಾ ಮಾಡ್ತಿದ್ದಿದ್ದು?" ಎಂದು ಪರದೆಯ ಮೇಲೆ ಮೂಡುತ್ತಿತ್ತು. 'ನೆಂಟರು' ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಮುಗಿಯುತ್ತಲೇ ಇರಲಿಲ್ಲ. "ಹೊರಡ್ತೀವಿ" ಎನ್ನುತ್ತಿತ್ತು, ಬಾಗಿಲವರೆಗೆ ಹೋಗುತ್ತಿತ್ತು, ಮತ್ತೆ ಅಲ್ಲೇ ನಿಂತು ಮಾತು ಶುರು ಮಾಡುತ್ತಿತ್ತು. ಕಚೇರಿಯ ಮುಖ್ಯಸ್ಥರ ಮೇಲೆ ಕಟ್ಟಿದ ಭಾಷೆಯ ಹೆಸರು 'ನೋಡೋಣ'. ಎರಡಕ್ಕೆ ಎರಡು ಕೂಡಿದರೆ ಎಷ್ಟು ಎಂದು ಕೇಳಿದರೂ ಅದರ ಉತ್ತರ ಒಂದೇ, "ನೋಡೋಣ." ಮುಖ್ಯಸ್ಥರು ಅದನ್ನು ಕಂಡು ನಕ್ಕಿದ್ದರಂತೆ. ನಕ್ಕಿದ್ದು ಹಲ್ಲು ಮಾತ್ರ ಎಂದು ಆಗ ಬ್ರಹ್ಮನಿಗೆ ಹೊಳೆಯಲಿಲ್ಲ.

ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುವಿಗೆ ತೊದಲಿಲ್ಲವಲ್ಲ.

"ಯಾಕೆ ಇದನ್ನೆಲ್ಲ ಮಾಡ್ತೀಯ?" ಎಂದು ಒಂದು ದಿನ ಕೇಳಿದಳು. ಅಷ್ಟರಲ್ಲಿ 'ನೀವು' ಜಾರಿ 'ನೀನು' ಆಗಿತ್ತು.

ಅವನು ಲ್ಯಾಪ್‌ಟಾಪ್ ಮುಚ್ಚಿದ. ಯಾರಿಗೂ ಹೇಳದ್ದನ್ನು ಅಂದು ಅವಳಿಗೆ ಹೇಳಿದ. ಕೆಲವು ವರ್ಷಗಳ ಹಿಂದೆ ಅವನು ಮದುವೆ ನೋಂದಣಿ ಕಚೇರಿಯ ಬೆಂಚಿನ ಮೇಲೆ ಹೊಸ ಅಂಗಿ ತೊಟ್ಟು ಕೂತಿದ್ದ. ಪಕ್ಕದಲ್ಲಿ ಅಮ್ಮ, ಸಾಕ್ಷಿಗೆ ಬೇರೆ ಊರಿನಿಂದ ಬಂದ ಗೆಳೆಯರು. ಹುಡುಗಿ ಬರಲಿಲ್ಲ. ಗುಮಾಸ್ತ ತಲೆಯೆತ್ತಿದಾಗಲೆಲ್ಲ ಅವನು "ಇನ್ನೇನು ಬರ್ತಾಳೆ, ಸಾರ್" ಎನ್ನುತ್ತಿದ್ದ. ಬೇರೆ ಜೋಡಿಗಳು ಬಂದವು, ಸಹಿ ಹಾಕಿದವು, ಫೋಟೋ ತೆಗೆಸಿಕೊಂಡವು, ಹೋದವು. ಕೊನೆಗೆ ಗುಮಾಸ್ತ ಬೀಗದ ಕೈ ಹಿಡಿದು ನಿಂತಾಗಲೂ ಅವನ ಬಾಯಲ್ಲಿ ಅದೇ ಮಾತು, "ಬಾಗಿಲು ಹಾಕ್ಬೇಡಿ ಸಾರ್, ಇನ್ನೇನು ಬರ್ತಾಳೆ." ಆ ಹುಡುಗಿ ಅಷ್ಟು ಹೊತ್ತಿಗೆ ಬೇರೊಬ್ಬನ ಜೊತೆ ಊರು ಬಿಟ್ಟಿದ್ದಳು.

"ಆಮೇಲಿಂದ ಹೀಗೆ. ಜನರನ್ನ ನಾನೇ ಮೊದಲು ನಗಿಸಿಬಿಟ್ರೆ, ನನ್ನ ನೋಡಿ ನಗೋಕೆ ಅವರಿಗೆ ಪುರುಸೊತ್ತೇ ಇರಲ್ಲ ನೋಡು."

ಅವಳು ಅವನ ಕೈ ಹಿಡಿದುಕೊಂಡಳು. ನಾನು ಬರ್ತೀನಿ ಎಂದು ಹೇಳಬೇಕಿತ್ತು. 'ಬ' ತುಟಿಯ ಮೇಲೆ ಅಂಟಿಕೊಂಡು ಒದ್ದಾಡಿತು. ಅವನು ಕಾದ.

"ನಾನು ಬ... ಬರ್ತೀನಿ. ನೀನು ಎಲ್ಲಿಗೆ ಕರೆದ್ರೂ."

ಅವನ ಕಣ್ಣು ಒದ್ದೆಯಾದದ್ದನ್ನು ಅವಳು ನೋಡಿದಳು. ಬರುವ ರಜೆಯ ದಿನ ಅವನು ಅವಳ ಅಕ್ಕ ಭಾವನನ್ನು ಕಂಡು ಮಾತಾಡುವುದೆಂದು ನಿಶ್ಚಯವಾಯಿತು. ಅದಕ್ಕೆ ಮುಂಚೆ ಕಚೇರಿಯ ವಾರ್ಷಿಕ ಸಂಭ್ರಮವಿತ್ತು, ಮನೆಯವರನ್ನೂ ಕರೆತರಬಹುದಿತ್ತು. "ಅಕ್ಕನ್ನ ಅಲ್ಲೇ ದೂರದಿಂದ ತೋರ್ಸು, ಧೈರ್ಯ ಬರುತ್ತೆ," ಎಂದಿದ್ದ ಅವನು.

ಸಭಾಂಗಣ ತುಂಬಿತ್ತು. ಅವಳ ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ಭಾವ. ಹಾಡು, ಬಹುಮಾನ, ಭಾಷಣ ಎಲ್ಲ ಮುಗಿದ ಮೇಲೆ ಮುಖ್ಯಸ್ಥರು ವೇದಿಕೆಗೆ ಬಂದು, ನಮ್ಮ ಬ್ರಹ್ಮ ಈಗೊಂದು ಹೊಸ ಭಾಷೆ ತೋರಿಸುತ್ತಾನೆ, ಆದರೆ ಈ ಸಲ ನನ್ನ ಮೇಲೆ ಬೇಡಪ್ಪಾ ಎಂದು ನಗುತ್ತ ಮೈಕು ಕೊಟ್ಟರು.

ಅವನು ಸಿದ್ಧನಾಗಿ ಬಂದಿರಲಿಲ್ಲ. ಆದರೆ ನಗಿಸು ಎಂದು ಯಾರಾದರೂ ಕೇಳಿದರೆ ಒಲ್ಲೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಭಾಷೆಯೊಂದಿತ್ತು. ಹೆಸರು 'ತಾಳು'. ಅದನ್ನೇ ತೆರೆದ.

ಆ ಭಾಷೆಯಲ್ಲಿ ಪದದ ಮೊದಲ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬರೆಯಬಹುದಿತ್ತು. ಪರದೆಯ ಮೇಲೆ "ಹಹಹಹೇಳು" ಎಂದು ಮೂಡಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ಅದನ್ನು ಗಟ್ಟಿಯಾಗಿ ಓದಿದ. ನಗು ಎದ್ದಿತು. ಇನ್ನೊಂದು ಸಾಲು ಬರೆದು ಇನ್ನೂ ಗಟ್ಟಿಯಾಗಿ ಓದಿದ. ನಗು ಗೋಡೆಗೆ ಬಡಿಯಿತು. ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದಂತಾಯಿತು. ಮೂರನೆಯ ಸಾಲು ಓದುವಾಗ ಅವನು ಸೂರಿನತ್ತ ಕಣ್ಣೆತ್ತಿ ರೆಪ್ಪೆಗಳನ್ನು ಪಟಪಟ ಬಡಿದ.

ಆ ರೆಪ್ಪೆ ಯಾರದೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದೊಂದೇ ತಲೆ ಅವಳತ್ತ ತಿರುಗಿತು. ಹಿಂದಿನ ಸಾಲಿನಿಂದ ಒಬ್ಬ "ತತತಾಳು" ಎಂದು ಕೂಗಿದ. ಹಾಲ್ ಎಲ್ಲಾ ಕೇಕೆ. ಅವಳು ಆಸರೆಗೆಂದು ಅಕ್ಕನ ಕೈ ಹುಡುಕಿದಳು. ಅಕ್ಕನ ಕೈ ಅಕ್ಕನ ಬಾಯಿಯ ಮೇಲಿತ್ತು. ಅಕ್ಕನ ಹೆಗಲು ಅಲುಗುತ್ತಿತ್ತು...

ಅಕ್ಕ ನಗುತ್ತಿದ್ದಳು. ತಡೆದುಕೊಳ್ಳಲು ಒದ್ದಾಡುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ನಗುತ್ತಿದ್ದಳು.

ಅವಳು ಎದ್ದು ಹೊರಗೆ ನಡೆದಳು. ಓಡಲಿಲ್ಲ. ಓಡಿದರೆ ಅದಕ್ಕೂ ನಗುತ್ತಾರೆ ಎಂದು ಅವಳಿಗೆ ತಿಳಿದಿತ್ತು.

ಅವನು ಹಿಂದೆಯೇ ಓಡಿಬಂದ. ಓಣಿಯಲ್ಲಿ ಅಡ್ಡ ನಿಂತು ಒಂದೇ ಉಸಿರಿಗೆ ಏನೇನೋ ಹೇಳಿದ. ಅದು ಅವಳಿಗಾಗಿಯೇ ಕಟ್ಟುತ್ತಿದ್ದ ಭಾಷೆಯಂತೆ. ಅದರಲ್ಲಿ ಇನ್ನರ್ಧ ಇದೆಯಂತೆ. ಒಬ್ಬರು ಬರೆಯುವಾಗ ಇನ್ನೊಬ್ಬರು ಕೈಹಾಕಿ ಪದ ಮುಗಿಸಲು ಹೋದರೆ, ಕಂಪ್ಯೂಟರು "ನಿನ್ನನ್ನ ಯಾರು ಕೇಳಿದ್ರು?" ಎಂದು ಗದರುತ್ತದಂತೆ. ಅಲ್ಲಿಗೆ ಬರುವಷ್ಟರಲ್ಲಿ ಜನ ನಗತೊಡಗಿದರಂತೆ.

"ನೀನು ನಿ... ನಿಲ್ಲಿಸಬಹುದಿತ್ತು."

"ಹೌದು."

"ಯಾಕೆ ನಿಲ್ಲಿಸ್ಲಿಲ್ಲ?"

ಕಾರಣ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. ಅಷ್ಟು ದೊಡ್ಡ ನಗು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

"ಅರ್ಧಕ್ಕೇ ಹೊಟ್ಟೆ ತುಂಬ್ತು ನಂಗೆ. ಇನ್ನರ್ಧ ನೀನೇ ಇಟ್ಕೊ," ಎಂದಳು. ವಿಚಿತ್ರವೆಂದರೆ ಆ ಮಾತು ಒಂದು ಚೂರೂ ತಡವರಿಸದೆ ಬಂತು.

ಮನೆಯಲ್ಲಿ ಅಕ್ಕ ಅತ್ತಳು, ಕೈಹಿಡಿದಳು, ನಾನು ನಿನ್ನ ನೋಡಿ ನಗಲಿಲ್ಲ ಕಣೆ, ಅವನು ಮಾಡಿದ ರೀತಿ ನೋಡಿ ನಗು ಬಂತು ಎಂದಳು. ಅವನು ಮಾಡಿದ್ದು ನನ್ನನ್ನೇ ಅಲ್ಲವೇ ಎಂದು ಅವಳು ಕೇಳಲಿಲ್ಲ. ಊಟದ ತಟ್ಟೆ ಸರಿಸಿ ಎದ್ದುಹೋದಳು.

ಕಚೇರಿಯಲ್ಲಿ ಅವಳಿಗೆ ಹೊಸ ಹೆಸರು ಬಂದಿತ್ತು. ತತತ. ಲಿಫ್ಟಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ, ಬೆನ್ನ ಹಿಂದೆ. ಪಕ್ಕದ ಮೇಜಿನ ಹುಡುಗನಿಗೆ 'ಕೀಟಲೆ' ಎಂಬ ಅಡ್ಡಹೆಸರಿತ್ತು. ಅವನಂತೂ ಅವಳ ಎದುರಿಗೇ "ಗುಗುಗುಡ್ ಮಾರ್ನಿಂಗ್" ಎಂದು, ತಮಾಷೆಗೆ ಕಣಮ್ಮಾ, ಬೇಜಾರು ಮಾಡ್ಕೋಬೇಡ ಎನ್ನುತ್ತಿದ್ದ. ಬ್ರಹ್ಮ ಅವರನ್ನೆಲ್ಲ ಗದರಿಸಿದ. ನೀನೇ ಕಲಿಸಿಕೊಟ್ಟು ಈಗ ನೀನೇ ಬೇಡ ಅಂದ್ರೆ ಹೆಂಗೆ ಗುರುವೇ ಎಂದು ಅವರು ಅದಕ್ಕೂ ನಕ್ಕರು.

ಅವಳ ಒಳಗೆ ಏನೋ ಹೆಪ್ಪುಗಟ್ಟಿತು. 'ನೋವಂದ್ರೆ ಏನು ಅಂತ ಅವನಿಗೂ ಗೊತ್ತಾಗ್ಲಿ. ಅವನ ಭಾಷೆಯಲ್ಲೇ ಗೊತ್ತಾಗ್ಲಿ.'

ಭಾಷೆ ಕಟ್ಟುವುದನ್ನು ಅವಳು ಅವನ ಪಕ್ಕದಲ್ಲಿ ಕೂತೇ ಕಲಿತಿದ್ದಳು. ತಾನೂ ಒಂದನ್ನು ಕಟ್ಟಿದಳು. ಹೆಸರು 'ಮದುಮಗ'. ಅದಕ್ಕೆ ಯಾವ ಕೆಲಸ ಹೇಳಿದರೂ ಮಾಡುವುದಿಲ್ಲ, ಸುಮ್ಮನೆ ಕಾಯುತ್ತದೆ. ಯಾಕೆ ಎಂದು ಕೇಳಿದರೆ, "ಇನ್ನೇನು ಬರ್ತಾಳೆ." ಮತ್ತೆ ಕೇಳಿದರೂ "ಇನ್ನೇನು ಬರ್ತಾಳೆ." ಬೇಸತ್ತು ಮುಚ್ಚಲು ಹೋದರೆ, "ಬಾಗಿಲು ಹಾಕ್ಬೇಡಿ ಸಾರ್!"

ಕಚೇರಿಯ ಎಲ್ಲರಿಗೂ ಒಟ್ಟಿಗೆ ಕಳಿಸಿದಳು. ಕೆಳಗೆ ಒಂದು ಸಾಲು ಸೇರಿಸಿದಳು: 'ನೋಂದಣಿ ಕಚೇರಿಯಲ್ಲಿ ಬಾಗಿಲು ಹಾಕುವವರೆಗೆ ಕಾದು ಕೂತ ಒಬ್ಬ ನಿಜವಾದ ವರನಿಗೆ ಅರ್ಪಣೆ.'

ಒಂದೊಂದೇ ಮೇಜಿನಿಂದ ನಗು ಸಿಡಿಯಿತು. ಯಾರಪ್ಪಾ ಈ ಮಹಾನುಭಾವ ಎಂದು ಕೀಟಲೆ ಕೂಗಿ ಕೇಳಿದ. ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಮೂಲೆಯಲ್ಲಿ ಬ್ರಹ್ಮ ಕುರ್ಚಿಯಿಂದ ಎದ್ದು ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಒಬ್ಬೊಬ್ಬರಾಗಿ ಅವನನ್ನು ನೋಡಿದರು, ಅರ್ಥ ಮಾಡಿಕೊಂಡರು. ಆಮೇಲೆ ಎದ್ದ ನಗುವಿಗೆ ಕಿಟಕಿ ಗಾಜು ನಡುಗಿತು.

ಅವನು ಅವಳತ್ತ ನೋಡಿದ. ಅವಳು ಮುಖ ತಿರುಗಿಸಿದಳು.

ಅಂದು ಮಧ್ಯಾಹ್ನ ಮೊದಲ ಸಲ ಎಲ್ಲರೂ ಅವಳನ್ನು ಊಟಕ್ಕೆ ಕರೆದರು. ಬೆನ್ನು ತಟ್ಟಿದರು. ನಿನ್ನ ಹೊಟ್ಟೇಲಿ ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ ಎಂದರು. ಮುಖ್ಯಸ್ಥರು ಹತ್ತಿರ ಬಂದು, ಬ್ರಹ್ಮನಿಗೇ ಹಣೆಬರಹ ಬರೆದುಬಿಟ್ಟೆಯಲ್ಲಮ್ಮ ಎಂದು ಮೆಚ್ಚಿಕೊಂಡರು. ಅವಳೂ ನಕ್ಕಳು. ಅನ್ನವನ್ನು ಮಾತ್ರ ಕಲಸುತ್ತಲೇ ಇದ್ದಳು.

ಅಲ್ಲಿಗೇ ನಿಂತಿದ್ದರೆ ಲೆಕ್ಕ ಸಮವಾಯಿತು ಎನ್ನಬಹುದಿತ್ತು. ನಿಲ್ಲಲಿಲ್ಲ.

ಹೊಸ ಪ್ರೋಗ್ರಾಂ ಊರಿನ ಯಂತ್ರಗಳಿಗೆ ಹೋಗಬೇಕಿತ್ತು. ಅದರಲ್ಲಿ ಬ್ರಹ್ಮ ಬರೆದ ಭಾಗವೇ ಹೆಚ್ಚು. ಅವಳು ಪರೀಕ್ಷಿಸುತ್ತ ಹೋದಾಗ ಒಂದು ಕಡೆ ಕೈ ನಿಂತಿತು. ಟಿಕೆಟ್ ಮುದ್ರಣವಾಗುವವರೆಗೆ ಪರದೆಯ ಮೇಲೆ 'ದಯವಿಟ್ಟು ಕಾಯಿರಿ' ಎಂದು ಬರಬೇಕಾದಲ್ಲಿ 'ಇನ್ನೇನು ಬರ್ತಾಳೆ' ಎಂದಿತ್ತು. ಯಂತ್ರವೂ ಅಲ್ಲೇ ಕಾಯುತ್ತ ನಿಂತುಬಿಡುತ್ತಿತ್ತು. ಕೀಟಲೆಯ ಕೈವಾಡ. ಪರೀಕ್ಷೆಯಲ್ಲಿ ಅವಳು ಹಿಡಿಯುತ್ತಾಳೆ, ನಾಲ್ಕು ಜನ ನಗುತ್ತಾರೆ, ತೆಗೆದುಹಾಕುತ್ತಾರೆ ಎಂದು ಅವನು ಸೇರಿಸಿದ್ದ.

ತೆಗೆಯಬೇಕಾಗಿದ್ದವಳು ಅವಳು. ಬೆರಳು 'ತಪ್ಪಿದೆ' ಎಂಬ ಗುಂಡಿಯ ಮೇಲಿತ್ತು. ಆಗ ಅವಳ ಹಿಂದೆ ಯಾರೋ ನಡೆದುಹೋಗುತ್ತ ಅಭ್ಯಾಸಬಲದಿಂದ "ತತತ, ಊಟ ಆಯ್ತಾ?" ಎಂದರು.

ಅವಳು 'ಸರಿಯಿದೆ' ಎಂದು ಒತ್ತಿದಳು.

ಮರುದಿನ ಬೆಳಗ್ಗೆ ಊರಿನ ಎಲ್ಲ ಬಸ್ ನಿಲ್ದಾಣಗಳಲ್ಲೂ ಯಂತ್ರಗಳು ಮದುಮಗನಾಗಿ ನಿಂತವು. ಕೆಲಸಕ್ಕೆ ಹೊರಟವರು, ಆಸ್ಪತ್ರೆಗೆ ಹೊರಟವರು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡವರು, ಎಲ್ಲರೂ ಪರದೆ ನೋಡುತ್ತ ನಿಂತರು. ಬಸ್ಸುಗಳು ಖಾಲಿ ಹೊರಟವು. ಮೊದಲು ಬೈಗುಳ, ಆಮೇಲೆ ನಗು. ಫೋಟೋಗಳು ಊರಿಡೀ ಹರಿದಾಡಿದವು. ಕಚೇರಿಯ ಒಬ್ಬ ಪುಣ್ಯಾತ್ಮ ಅದರ ಹಿಂದಿನ ಕಥೆಯನ್ನೂ ಸೇರಿಸಿ ಹಂಚಿದ. ಸಂಜೆಯೊಳಗೆ ಬ್ರಹ್ಮನ ಮುಖ, ಅವನ ಬೆಂಚು, ಬಾರದ ಹುಡುಗಿ, ಎಲ್ಲವೂ ಬೀದಿಯ ಬಾಯಿಗೆ ಬಿದ್ದವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮುಖ್ಯಸ್ಥರು ತನಿಖೆ ಎಂದು ಕೂತು ಬ್ರಹ್ಮನನ್ನು ಕರೆಸಿದರು. ಈ ಕಚೇರಿಯಲ್ಲಿ ಹುಚ್ಚು ಭಾಷೆ ಶುರು ಮಾಡಿದವನು ಯಾರು, ಈ ಭಾಗ ಬರೆದವನು ಯಾರು ಎಂದರು. 'ನೋಡೋಣ' ಎಂಬುದು ಅವರ ಎದೆಯಲ್ಲಿ ಇಷ್ಟು ದಿನ ಮುಳ್ಳಾಗಿ ಕೂತಿತ್ತು. ಪ್ರತಿಯೊಂದೂ ಪರೀಕ್ಷಕಿಯ ಕೈ ದಾಟಿಯೇ ಹೋಗುತ್ತದೆ ಎಂದು ಬ್ರಹ್ಮನಿಗೆ ಗೊತ್ತಿತ್ತು. ಅವನು ಆ ಮಾತು ಎತ್ತಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವನ ಮೇಜು ಖಾಲಿಯಾಗಿತ್ತು.

ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ಆ ಖಾಲಿ ಕುರ್ಚಿಯ ಪಕ್ಕ ಹಾಯದೆ ಅವಳು ಸುತ್ತು ಹಾಕಿ ನಡೆಯತೊಡಗಿದಳು. 'ಅವನು ಜನರ ಮುಂದೆ ನನ್ನ ನಾಲಿಗೆ ಎಳೆದು ತೋರಿಸಿದ. ನಾನು ಅವನ ಎದೆಯನ್ನೇ ಕಿತ್ತು ಬೀದಿಗೆ ಎಸೆದೆ... ನಂಬಿ ನನ್ನ ಕೈಗೆ ಕೊಟ್ಟಿದ್ದ ಎದೆಯನ್ನ.'

ಅವನ ಕಥೆ ಹಳಸಿದ ಮೇಲೆ ಕಚೇರಿಯವರು ಮತ್ತೆ ಅವಳಿಗೇ ಮರಳಿದರು. ನಿನ್ನ ಭಾಷೆ ಸೂಪರ್ ತತತ, ಮುಂದೆ ಯಾರ ಮೇಲೆ ಎಂದು ಕೇಳಿದರು. ತಾನು ಯಾರ ಸಾಲಿನಲ್ಲಿ ನಿಂತಿದ್ದೇನೆಂದು ಅವಳಿಗೆ ಅಂದು ಕಂಡಿತು.

ವಾರದ ಸಭೆ. ಅದೇ ಉದ್ದ ಮೇಜು. ಮುಖ್ಯಸ್ಥರು ಎಲ್ಲ ಮುಗಿಸಿ ಏಳುವಾಗ ಅವಳು ನಿಂತಳು.

"ಆ ಪ್ರೋಗ್ರಾಂ... ಅದನ್ನ ಬ... ಬ..."

"ಬ್ರಹ್ಮ ಹಾಳು ಮಾಡಿದ, ಗೊತ್ತಮ್ಮ," ಎಂದರು ಮುಖ್ಯಸ್ಥರು.

ಅವಳು ತಲೆಯಲ್ಲಾಡಿಸಿದಳು. ಕಣ್ಣು ಸೂರಿಗೆ ಹೋಯಿತು, ರೆಪ್ಪೆ ಬಡಿಯಿತು. ಯಾರೋ ಕೆಮ್ಮುವ ನೆಪದಲ್ಲಿ ನಕ್ಕರು. ಕೀಟಲೆ ಗಡಿಯಾರ ನೋಡಿಕೊಂಡು "ತತತಾಳಿ" ಎಂದ. ಇನ್ನೊಬ್ಬ ಅವಳ ಮಾತನ್ನು ಊಹಿಸಿ ಮುಗಿಸಲು ನೋಡಿದ. ಮತ್ತೊಬ್ಬ ಬಾಗಿಲತ್ತ ನಡೆದ. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಬೆರಳು ಬೆಳ್ಳಗಾದವು.

"ಬ... ಬಿಟ್ಟವಳು ನಾನು. ಆ ಸಾಲು ನನ್ನ ಕಣ್ಣಿಗೆ ಬಿತ್ತು. ತಪ್ಪು ಅಂತ ಗೊತ್ತಿತ್ತು. ಬೇ... ಬೇಕಂತಲೇ ಒಪ್ಪಿದೆ. ಅವನನ್ನ ಸಾಯಿಸ್ಬೇಕು ಅಂತ. ಅವನು ಅದನ್ನ ಬರೀಲೂ ಇಲ್ಲ, ಕಳಿಸ್ಲೂ ಇಲ್ಲ."

ಬರೆದವನು ಯಾರೆಂದು ಮುಖ್ಯಸ್ಥರು ಕೇಳಿದರು. ಬರೆದವನಿಗೆ ಬಾಯಿದೆ, ಅವನೇ ಹೇಳಲಿ ಎಂದಳು. ಕೀಟಲೆಗೆ ಆಗ ನಗು ಮರೆತುಹೋಗಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.

ಹಾಗಾದರೆ ಬ್ರಹ್ಮನನ್ನು ಮತ್ತೆ ಕರೆಸುತ್ತೀರಾ ಎಂದು ಅವಳು ಕೇಳಿದಳು.

"ನೋಡೋಣ," ಎಂದರು ಮುಖ್ಯಸ್ಥರು.

ನೋಡಲಿಲ್ಲ. ಅವಳನ್ನು ಮಾತ್ರ ಅಂದೇ ಮನೆಗೆ ಕಳಿಸಿದರು. ಅಕ್ಕ ತಲೆ ತಲೆ ಚಚ್ಚಿಕೊಂಡಳು. ಆ ಕೆಲಸಕ್ಕೆ ಸೇರಿಸಲು ತಾನು ಎಷ್ಟು ಜನರ ಹತ್ತಿರ ಮಾತಾಡಿದ್ದೆ, ಸುಮ್ಮನಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದಳು. ಇಷ್ಟು ವರ್ಷ ಸುಮ್ಮನಿದ್ದೆನಲ್ಲ ಎಂದಳು ತಂಗಿ. ಅಕ್ಕ ಅದಕ್ಕೆ ಏನೋ ಹೇಳಲು ಬಾಯಿ ತೆರೆದು, ಮೊದಲ ಸಲ, ಮುಚ್ಚಿಕೊಂಡಳು.

ಅವನ ಮನೆ ದರ್ಜಿ ಅಂಗಡಿಯೊಂದರ ಮೇಲಿತ್ತು. ಕಡಿದಾದ ಮೆಟ್ಟಿಲು, ಕೆಳಗಿನಿಂದ ಹೊಲಿಗೆ ಯಂತ್ರದ ಕಟಕಟ. ಬಾಗಿಲು ತೆರೆದವಳು ಅವನ ಅಮ್ಮ. ಅವಳು ತನ್ನ ಹೆಸರು ಹೇಳುವ ಮೊದಲೇ ಆ ಹೆಂಗಸಿಗೆ ತಿಳಿಯಿತು.

"ಒಬ್ಬಳು ಬರದೆ ನನ್ನ ಮಗನ್ನ ಕೊಂದ್ಲು. ನೀನು ಬಂದು ಕೊಂದೆ," ಎಂದಳು ಅಮ್ಮ. ದನಿ ಏರಿಸಲೂ ಇಲ್ಲ. "ಈಗ ಏನು ಉಳಿದಿದೆ ಅಂತ ನೋಡೋಕೆ ಬಂದ್ಯಾ?"

ಅವಳು ಹೊಸ್ತಿಲಾಚೆ ತಲೆ ತಗ್ಗಿಸಿ ನಿಂತಳು. ಹೋಗೆಂದು ಅಮ್ಮ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಬಾಗಿಲು ಹಾಗೇ ಬಿಟ್ಟು ಒಳಗೆ ನಡೆದಳು.

ಅವನು ಕಿಟಕಿಯ ಬಳಿ ಟೇಬಲ್ ಫ್ಯಾನೊಂದನ್ನು ಬಿಚ್ಚಿಕೊಂಡು ಕೂತಿದ್ದ. ಗಡ್ಡ ಬೆಳೆದಿತ್ತು. ತಲೆಯೆತ್ತಿ ನೋಡಿದ, ಮತ್ತೆ ಸ್ಕ್ರೂ ತಿರುಗಿಸಿದ.

"ನಿನ್ನ ಕೆಲಸಾನೂ ಹೋಯ್ತಂತೆ."

"ಹೂಂ."

"ನಂದು ವಾಪಸ್ ಬರ್ಲಿಲ್ಲ."

"ಗೊತ್ತು."

ಬೇರೆ ಕಡೆ ಕೆಲಸ ಕೇಳಲು ಹೋದರೆ ಆ ಫೋಟೋ ತನಗಿಂತ ಮೊದಲೇ ಹೋಗಿ ಕೂತಿರುತ್ತದೆ ಎಂದ. ಎದುರು ಕೂತವರು ಪ್ರಶ್ನೆ ಕೇಳುವ ಮೊದಲೇ ತುಟಿ ಕಚ್ಚಿಕೊಂಡು ನಗು ತಡೆಯುತ್ತಾರೆ ಎಂದ. ದೂರುವ ದನಿ ಅಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದ. ಅದು ಅವಳಿಗೆ ಹೆಚ್ಚು ಚುಚ್ಚಿತು.

"ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ ಅವತ್ತು?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹೇಳ್ಬೇಕು ಅಂತಲೇ ಬಾಯಿ ತೆರೆದಿದ್ದೆ. ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಅನ್ನಿಸ್ತು, ನಿನ್ನ ಕರೆಸಿ ನಿಲ್ಲಿಸ್ತಾರೆ. ಪ್ರಶ್ನೆ ಕೇಳ್ತಾರೆ. ನೀನು ಉತ್ತರ ಹೇಳೋವಾಗ ಇವರು ಮತ್ತೆ ನಗ್ತಾರೆ. ಆ ನಗು ಇನ್ನೊಂದ್ಸಲ ಕೇಳೋಕೆ ನನ್ ಕೈಲಿ ಆಗ್ತಿರಲಿಲ್ಲ."

ಅವಳ ಕಣ್ಣಿಂದ ನೀರು ತಾನಾಗಿ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನಕ್ರು," ಎಂದಳು. "ಆದ್ರೂ ಮು... ಮುಗಿಸ್ದೆ."

ಅವನು ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ.

"ನೀನು ಮಾಡಿದ್ದು ನಾನು ಮಾಡಿದ್ದಕ್ಕಿಂತ ಕೆಟ್ಟದ್ದು, ಗೊತ್ತಾ?"

"ಗೊತ್ತು."

"ಆದ್ರೆ ಶುರು ಮಾಡಿದವನು ನಾನು."

"ಅದೂ ಗೊತ್ತು."

"ಮತ್ತೆ ಏನು ಕೇಳೋಕೆ ಬಂದೆ? ಇನ್ನೂ ಪ್ರೀತಿ ಇದೆಯಾ ಅಂತಾನಾ?"

"ಕೇಳೋಕಲ್ಲ." ಅವಳು ಉಸಿರೆಳೆದುಕೊಂಡಳು. "ನಂಗಿದೆ ಅಂತ ಹೇ... ಹೇಳೋಕೆ ಬಂದೆ. ನಿಂಗೆ ಇಲ್ದಿದ್ರೆ ಮೆಟ್ಟಿಲು ಇಳಿದು ಹೋಗ್ತೀನಿ."

ಕೆಳಗೆ ಹೊಲಿಗೆ ಯಂತ್ರ ನಿಂತಿತು, ಮತ್ತೆ ಶುರುವಾಯಿತು. ಅವನು ಫ್ಯಾನಿನ ರೆಕ್ಕೆಯನ್ನು ನೆಲದ ಮೇಲಿಟ್ಟ. ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ.

"ನಂಗಿನ್ನೂ ಕೋಪ ಇದೆ ಕಣೇ. ಬೆಳಗ್ಗೆ ಎದ್ದ ತಕ್ಷಣ ಮೊದಲು ಬರೋದೇ ಅದು."

"ನಂಗೂ ಇದೆ."

"ಯಾವಾಗ ಹೋಗುತ್ತೋ ಗೊತ್ತಿಲ್ಲ."

"ಹೋಗ್ದಿದ್ರೆ ಬೇಡ. ಇ... ಇಬ್ರದ್ದೂ ಒಂದೇ ಮನೇಲಿರ್ಲಿ."

ಅವನು ಏನೋ ಹೇಳಹೊರಟ. ದನಿ ಒಡೆಯಿತು. ಈಗ ಮಾತು ಸಿಗದೆ ಒದ್ದಾಡಿದವನು ಅವನು. ಅವಳು ಹತ್ತಿರ ಹೋಗಿ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಅವನು ಚಿಕ್ಕ ಹುಡುಗನ ಹಾಗೆ, ಸದ್ದಿಲ್ಲದೆ, ಹೆಗಲು ಕುಣಿಸಿ ಅತ್ತ. ಅವಳು ಅವನ ಕೂದಲಲ್ಲಿ ಬೆರಳಾಡಿಸುತ್ತ ನಿಂತಳು.

ಒಳಗಿನಿಂದ ಅಮ್ಮನ ದನಿ ಬಂತು. ಚಪ್ಪಲಿ ಹೊರಗೆ ಬಿಟ್ಟಿದ್ದರೆ ಒಳಗೆ ತಂದಿಟ್ಟುಕೊಳ್ಳಬೇಕಂತೆ, ಬೀದಿ ನಾಯಿ ಕಚ್ಚಿಕೊಂಡು ಹೋಗುತ್ತದಂತೆ, ಆಮೇಲೆ ಅದಕ್ಕೂ ತಮ್ಮನ್ನೇ ದೂರಬಾರದಂತೆ.

ಅವನು ಮುಖ ಒರೆಸಿಕೊಂಡ. ಕಾಲಿನಿಂದ ಸ್ಟೂಲನ್ನು ಅವಳತ್ತ ಸರಿಸಿದ.

"ಊಟ ಆಯ್ತಾ?"

"ಇಲ್ಲ."

"ಅಮ್ಮ ಬೈಕೊಂಡೇ ಬಡಿಸ್ತಾಳೆ. ತಡ್ಕೋತೀಯಾ?"

"ಬೈಲಿ," ಎಂದಳು ಅವಳು, ಕೂರುತ್ತ. "ನಂಗೆ ತುಂಬಾ ಹಸಿವಾಗಿದೆ."